ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದರೆ



ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ ಹೋದವರಿಗೆ ಅಲ್ಲಿನ ಬೈಕ್ ಬಾಡಿಗೆ ಅಂಗಡಿಗಳು ನೆನಪಿರುತ್ತವೆ. ಕಡಲತೀರದ ಹಿಂದಿನ ಬೀದಿಗಳಲ್ಲಿ ಸಾಲುಸಾಲಾಗಿ ಸ್ಕೂಟರ್ ನಿಲ್ಲಿಸಿಕೊಂಡಿರುತ್ತಾರೆ. ಬಾಡಿಗೆ ಹೆಚ್ಚೇನಿಲ್ಲ. ಆದರೆ ಭದ್ರತೆಗೆ ಅಂತ ಎಷ್ಟೋ ಅಂಗಡಿಯವರು ಕೇಳುವುದು ಪಾಸ್‌ಪೋರ್ಟನ್ನು. ಇಟಲಿಯ ಪ್ರವಾಸಿಯೊಬ್ಬರು 2013ರಲ್ಲಿ ಹೀಗೆ ಪಾಸ್‌ಪೋರ್ಟ್ ಒತ್ತೆ ಇಟ್ಟು ಬೈಕ್ ತೆಗೆದುಕೊಂಡರು. ತಿರುಗಾಡಿ ಬಂದು ಬೈಕ್ ಒಪ್ಪಿಸಿದಾಗ ಅಂಗಡಿಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ, ಬೇರೆ ಯಾರಿಗೋ ಕೊಟ್ಟಾಗಿತ್ತು ಎಂದು ಆಗಿನ ಪತ್ರಿಕೆಗಳು ಬರೆದವು. ಅವರು ದೂರು ಕೊಟ್ಟರು, ಹೊಸ ಪಾಸ್‌ಪೋರ್ಟ್ ಪಡೆದರು. ಮುಂದಿನ ವರ್ಷ, 2014ರ ಮಾರ್ಚ್ 8ರಂದು, ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟ ಮಲೇಷ್ಯಾದ ಎಂಎಚ್ 370 ವಿಮಾನ 239 ಜನರ ಸಮೇತ ಕಾಣೆಯಾಯಿತು. ಪ್ರಯಾಣಿಕರ ಪಟ್ಟಿಯಲ್ಲಿ ಈ ಇಟಲಿಯವರ ಹೆಸರಿತ್ತು. ಅವರು ಆಗ ಥಾಯ್ಲೆಂಡಿನಲ್ಲಿ ರಜೆಯಲ್ಲಿದ್ದರು. ಸುದ್ದಿ ತಿಳಿದು, ಊರಿನಲ್ಲಿದ್ದ ತಂದೆತಾಯಿಗೆ ಫೋನ್ ಮಾಡಿ ತಾನು ಬದುಕಿದ್ದೇನೆಂದು ಹೇಳಬೇಕಾಯಿತು.

ಅದೇ ವಿಮಾನದಲ್ಲಿ ಇನ್ನೊಬ್ಬ ಪ್ರಯಾಣಿಕನ ಕೈಯಲ್ಲಿ ಆಸ್ಟ್ರಿಯಾದ ಪಾಸ್‌ಪೋರ್ಟ್ ಇತ್ತು. ಅದೂ ಥಾಯ್ಲೆಂಡಿನಲ್ಲೇ 2012ರಲ್ಲಿ ಕಳುವಾದದ್ದು. ಎರಡನ್ನೂ ಬಳಸಿದವರು ಇರಾನಿನ ಯುವಕರು, ಯೂರೋಪಿನಲ್ಲಿ ನೆಲೆ ಹುಡುಕಿ ಹೊರಟವರು. ವಿಮಾನ ಕಾಣೆಯಾದದ್ದಕ್ಕೂ ಅವರಿಗೂ ಸಂಬಂಧವಿತ್ತು ಎಂಬುದಕ್ಕೆ ಏನೂ ಸಿಗಲಿಲ್ಲ. ಕಳೆದುಹೋದ, ಕಳುವಾದ ಪ್ರಯಾಣಪತ್ರಗಳ ವಿವರವನ್ನು ಇಂಟರ್‌ಪೋಲ್ 2002ರಿಂದ ಒಂದೆಡೆ ದಾಖಲಿಸುತ್ತ ಬಂದಿದೆ. ಆ ಎರಡೂ ಪಾಸ್‌ಪೋರ್ಟ್‌ಗಳು ಅದರಲ್ಲಿ ಸೇರಿದ್ದವು. ವಿಮಾನ ಹತ್ತಿಸುವ ಮೊದಲು ಯಾರೂ ಅದನ್ನು ತೆರೆದು ನೋಡಲಿಲ್ಲ, ಅಷ್ಟೆ.

ಈ ಘಟನೆಯನ್ನು ಮೊದಲಿಗೆ ಹೇಳಿದ್ದಕ್ಕೆ ಕಾರಣವಿದೆ. ನಾನು ಕರಾವಳಿಯಲ್ಲಿ ಟಿಕೆಟ್, ವೀಸಾಗಳ ಕೆಲಸ ಮಾಡುವವನು. ಗಲ್ಫಿಗೆ ದುಡಿಯಲು ಹೋಗುವವರು, ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬ್ಯಾಂಕಾಕ್, ಫುಕೆಟ್ ಎಂದು ಹೊರಡುವವರು, ಇವರೆಲ್ಲ ನನ್ನ ಮೇಜಿನೆದುರು ಕೂತು ಹೋದವರೇ. ಪಾಸ್‌ಪೋರ್ಟ್ ಕಳೆದಾಗ ಹೆಚ್ಚಿನವರು ಮೊದಲು ಮಾಡುವುದು ಮುಚ್ಚಿಡುವ ಕೆಲಸ. ಊರಿಗೆ ಹೇಳುವುದಿಲ್ಲ, ಪೊಲೀಸರ ಹತ್ತಿರ ಹೋಗುವುದಿಲ್ಲ, ಎಲ್ಲಾದರೂ ಸಿಗಬಹುದೆಂದು ಒಂದೆರಡು ದಿನ ಹುಡುಕುತ್ತ ಕೂರುತ್ತಾರೆ. ಆ ಹೊತ್ತಿನಲ್ಲಿ ನಮ್ಮ ಹೆಸರು ಬೇರೊಬ್ಬರ ಕೈಯಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ತಡಮಾಡದೆ ದೂರು ಕೊಡಬೇಕಾದದ್ದು ಅದಕ್ಕೇ.

ಇನ್ನೊಂದು ಮಾತು. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಆ ನೀಲಿ ಪುಸ್ತಕ ಎಂದೆಂದಿಗೂ ಕೇಂದ್ರ ಸರ್ಕಾರದ ಸ್ವತ್ತು. ನಮ್ಮ ಬಳಿ ಇರುತ್ತದೆ, ಬಳಸುವ ಅಧಿಕಾರ ನಮಗಿದೆ. ಒತ್ತೆ ಇಡುವ ಅಧಿಕಾರ ಇಲ್ಲ. ಒಂದು ಮಧ್ಯಾಹ್ನದ ಸ್ಕೂಟರಿಗಾಗಿ ಅದನ್ನು ಬಿಟ್ಟುಕೊಡುವುದೆಂದರೆ ಮನೆಯ ಹಕ್ಕುಪತ್ರ ಅಡವಿಟ್ಟು ಬಾಡಿಗೆ ಸೈಕಲ್ ತಂದ ಹಾಗೆ. ಹಣದ ಠೇವಣಿ ಇಡುತ್ತೇನೆ ಅನ್ನಿ. ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಈಗ ವಿಷಯಕ್ಕೆ ಬರೋಣ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದರೆ ನಿಜಕ್ಕೂ ಕಳೆಯುವುದು ಎರಡು. ಒಂದು, ನೀವು ಭಾರತದ ಪ್ರಜೆ ಎಂಬುದಕ್ಕೆ ಕೈಯಲ್ಲಿದ್ದ ಪುರಾವೆ. ಇನ್ನೊಂದು, ಆ ದೇಶದೊಳಗೆ ನೀವು ಕ್ರಮವಾಗಿ ಬಂದಿದ್ದೀರಿ ಎಂಬುದಕ್ಕೆ ಅದರೊಳಗೆ ಒತ್ತಿದ್ದ ಮುದ್ರೆ, ಅಂಟಿಸಿದ್ದ ವೀಸಾ. ಮೊದಲನೆಯದನ್ನು ಕೊಡಬಲ್ಲವರು ನಮ್ಮ ರಾಯಭಾರ ಕಚೇರಿಯವರು. ಎರಡನೆಯದು ಆ ದೇಶದ ಇಮಿಗ್ರೇಷನ್ ಇಲಾಖೆಯವರ ಕೈಯಲ್ಲಿದೆ. ಎಲ್ಲರೂ ಮೊದಲನೆಯದಕ್ಕೆ ಓಡಾಡುತ್ತಾರೆ. ಎರಡನೆಯದರ ನೆನಪಾಗುವುದು ವಿಮಾನ ನಿಲ್ದಾಣದ ಕೌಂಟರಿನಲ್ಲಿ, ವಿಮಾನ ಹೊರಡಲು ಗಂಟೆ ಎರಡು ಉಳಿದಾಗ.

ಪುತ್ತೂರು ಕಡೆಯ ಒಂದು ಕುಟುಂಬದ ವಿಷಯ ಹೇಳುತ್ತೇನೆ. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗ. ಏಪ್ರಿಲ್‌ನಲ್ಲಿ ಫುಕೆಟ್‌ಗೆ ಹೋಗಿದ್ದರು. ರಾತ್ರಿ ಫೋನ್ ಬಂತು. ಮಾತಾಡಿದವರು ಆಕೆ.

“ಅಣ್ಣ, ಇವರ ಬ್ಯಾಗ್ ಹೋಯ್ತು. ಪಾಸ್‌ಪೋರ್ಟ್ ಅದರಲ್ಲೇ ಇದ್ದದ್ದು. ಇವರು ಮಾತಾಡುವ ಸ್ಥಿತಿಯಲ್ಲಿ ಇಲ್ಲ. ನಮ್ಮನ್ನು ಇಲ್ಲಿ ಹಿಡಿದು ಹಾಕ್ತಾರಾ?”

“ಇಲ್ಲ ಅಕ್ಕ, ಹಾಗೆಲ್ಲ ಮಾಡುದಿಲ್ಲ. ನಿಮ್ಮದು, ಮಗನದ್ದು ಉಂಟಲ್ಲ?”

“ಉಂಟು. ನನ್ನ ಹತ್ತಿರವೇ ಉಂಟು.”

“ಹಾಗಾದರೆ ಅರ್ಧ ಕೆಲಸ ಆಯ್ತು. ಈಗ ಹೊಟೇಲಿನವರ ಹತ್ತಿರ ಹೇಳಿ 1155ಕ್ಕೆ ಫೋನ್ ಮಾಡಿಸಿ.”

1155 ಥಾಯ್ಲೆಂಡಿನ ಟೂರಿಸ್ಟ್ ಪೊಲೀಸರ ಸಂಖ್ಯೆ. ಇಂಗ್ಲಿಷ್ ಬಲ್ಲವರು ಸಿಗುತ್ತಾರೆ. ಯಾವ ಠಾಣೆಗೆ ಹೋಗಬೇಕೆಂದು ಅವರೇ ಹೇಳುತ್ತಾರೆ. ಮೂರು ಪಾಸ್‌ಪೋರ್ಟ್‌ಗಳೂ ಒಂದೇ ಬ್ಯಾಗಿನಲ್ಲಿ ಇರಲಿಲ್ಲ ಎಂಬುದು ಈ ಕುಟುಂಬದ ಮಟ್ಟಿಗೆ ದೊಡ್ಡ ಆಸರೆಯಾಯಿತು. ಮನೆಯ ಯಜಮಾನನೋ ಟೂರ್ ಮ್ಯಾನೇಜರನೋ ಎಲ್ಲರ ಪಾಸ್‌ಪೋರ್ಟನ್ನೂ ರಬ್ಬರ್ ಬ್ಯಾಂಡ್ ಹಾಕಿ ಒಂದೇ ಚೀಲದಲ್ಲಿ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಹಿರಿಯರ ಕೈಯಿಂದ ಬೀಳಬಾರದು ಎಂಬ ಕಾಳಜಿಯಿಂದಲೇ ಮಾಡುತ್ತಾರೆ, ನಿಜ. ಆದರೆ ಆ ಒಂದು ಚೀಲ ಹೋದರೆ ಮೂವತ್ತು ಜನರ ಪ್ರಯಾಣ ಒಮ್ಮೆಗೇ ನಿಲ್ಲುತ್ತದೆ. ಅವರವರ ಪಾಸ್‌ಪೋರ್ಟ್ ಅವರವರ ಹತ್ತಿರ ಇರಲಿ. ಎಪ್ಪತ್ತು ದಾಟಿದ ಅಜ್ಜಿಗೂ ಕುತ್ತಿಗೆಗೆ ಹಾಕಿಕೊಳ್ಳುವ ಸಣ್ಣ ಚೀಲ ಕೊಡಿಸಿ. ಅವರು ಅದನ್ನು ನಮಗಿಂತ ಜೋಪಾನವಾಗಿ ನೋಡಿಕೊಳ್ಳುತ್ತಾರೆ.

ಠಾಣೆಯಲ್ಲಿ ಒಂದು ತೊಡಕಾಯಿತು. ನಮ್ಮ ಕಡೆಯ ಹೆಸರುಗಳು ನಿಮಗೆ ಗೊತ್ತೇ ಇದೆ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಸಾಲು ಖಾಲಿ. ಸ್ವಂತ ಹೆಸರು, ತಂದೆಯ ಹೆಸರು, ಕೆಲವರದ್ದು ಮನೆತನದ ಹೆಸರು, ಎಲ್ಲವೂ ಒಂದೇ ಸಾಲಿನಲ್ಲಿ ಕೂತಿರುತ್ತದೆ. ದೂರು ಬರೆದುಕೊಂಡ ಅಧಿಕಾರಿಗೆ ಸರ್‌ನೇಮ್ ಬೇಕೇ ಬೇಕಾಯಿತು. ಆತ ತಂದೆಯ ಹೆಸರನ್ನು ಮುಂದಕ್ಕೆ ತಂದು, ಗಂಡನ ಸ್ವಂತ ಹೆಸರನ್ನು ಮೊಟಕು ಮಾಡಿ ಬರೆದ. ಪಾಸ್‌ಪೋರ್ಟ್ ಸಂಖ್ಯೆಯ ಜಾಗ ಖಾಲಿ ಉಳಿಯಿತು. ಆಕೆ ಆ ಹಾಳೆಯ ಫೋಟೊ ತೆಗೆದು ಕಳಿಸಿದರು. ಟಿಕೆಟ್ ಮಾಡುವಾಗ ಪಡೆದಿದ್ದ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಪ್ರತಿ ನಮ್ಮಲ್ಲಿತ್ತು, ಅದನ್ನು ಕಳಿಸಿಕೊಟ್ಟೆ. ಅವರು ಮತ್ತೆ ಠಾಣೆಗೆ ಹೋಗಿ, ಅಕ್ಷರ ಅಕ್ಷರ ತೋರಿಸಿ ತಿದ್ದಿಸಿಕೊಂಡು ಬಂದರು. ಆ ದಿನ ತಿದ್ದಿಸದಿದ್ದರೆ ದೂರಿನಲ್ಲಿ ಒಂದು ಹೆಸರು, ರಾಯಭಾರ ಕಚೇರಿಯ ಪತ್ರದಲ್ಲಿ ಇನ್ನೊಂದು, ಟಿಕೆಟಿನಲ್ಲಿ ಮತ್ತೊಂದು ಆಗುತ್ತಿತ್ತು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು, ಸಂಖ್ಯೆ, ಕೊಟ್ಟ ದಿನ, ಕೊಟ್ಟ ಊರು, ಕಳೆದ ಜಾಗ ಮತ್ತು ದಿನ, ಇಷ್ಟು ದೂರಿನಲ್ಲಿ ಇದೆಯೇ ಎಂದು ಠಾಣೆಯ ಮೆಟ್ಟಿಲಿಳಿಯುವ ಮೊದಲೇ ನೋಡಿಕೊಳ್ಳಬೇಕು.

ಕೊನೆಯ ಪುಟವನ್ನು ಯಾರೂ ಪ್ರತಿ ಮಾಡಿಸುವುದಿಲ್ಲ. ತಂದೆತಾಯಿಯ ಹೆಸರು, ವಿಳಾಸ, ಫೈಲ್ ನಂಬರ್ ಇರುವುದು ಅಲ್ಲಿ. ನಿಮ್ಮ ಪಾಸ್‌ಪೋರ್ಟಿನ ಮೂಲ ದಾಖಲೆ ಅದನ್ನು ಕೊಟ್ಟ ಕಚೇರಿಯ ಕಡತದಲ್ಲಿ ಭದ್ರವಾಗಿದೆ. ಪುಸ್ತಕದ ಜೊತೆ ಅದು ಹೋಗುವುದಿಲ್ಲ. ಆ ಕಡತವನ್ನು ಬೇಗ ಹುಡುಕಲು ಸಂಖ್ಯೆಗಳು ಬೇಕು. ಒಂದು ಪ್ರತಿ ಬೇರೆ ಚೀಲದಲ್ಲಿ, ಒಂದು ಊರಿನಲ್ಲಿ, ಒಂದು ನಿಮ್ಮ ಇ-ಮೇಲಿನಲ್ಲಿ ಇರಲಿ. ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಸಾಲದು, ಕಳ್ಳ ಬ್ಯಾಗ್ ಎತ್ತಿಕೊಂಡು ಹೋಗುವಾಗ ಫೋನನ್ನು ಬಿಟ್ಟು ಹೋಗುವುದಿಲ್ಲ. ಬಿಳಿ ಹಿನ್ನೆಲೆಯ ನಾಲ್ಕು ಫೋಟೊಗಳೂ ಜೊತೆಗಿದ್ದರೆ ಒಳ್ಳೆಯದು.

ಥಾಯ್ಲೆಂಡಿನಲ್ಲಿ ನಮ್ಮ ರಾಯಭಾರ ಕಚೇರಿ ಇರುವುದು ಬ್ಯಾಂಕಾಕಿನ ಸುಖುಂವಿಟ್ ರಸ್ತೆಯ 23ನೇ ಸೋಯಿಯಲ್ಲಿ. ಸೋಯಿ ಅಂದರೆ ಅಡ್ಡರಸ್ತೆ. ಫುಕೆಟ್‌ನಿಂದ ರಸ್ತೆಯಲ್ಲಿ 800 ಕಿಲೋಮೀಟರಿಗೂ ಹೆಚ್ಚು ದೂರ. ವಿಮಾನದಲ್ಲಿ ಹೋಗೋಣವೆಂದರೆ ಅದಕ್ಕೂ ಗುರುತಿನ ಪತ್ರ ಕೇಳುತ್ತಾರೆ. ಮೂವರೂ ಬಸ್ಸಿನಲ್ಲಿ ಹೋದರು. ಏಪ್ರಿಲ್ 13ರಿಂದ 15ರವರೆಗೆ ಅಲ್ಲಿ ಸೊಂಕ್ರಾನ್, ಅವರ ಹೊಸ ವರ್ಷ. ನಮ್ಮ ತುಳುನಾಡಿನ ಬಿಸು ಹಬ್ಬ ಬರುವುದೂ ಅದೇ ಮೇಷ ಸಂಕ್ರಮಣಕ್ಕೆ. ಆ ದಿನಗಳಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳು ಮುಚ್ಚಿರುತ್ತವೆ, ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಶಾಲೆಗಳ ರಜೆಯೂ ಆಗಲೇ. ಇವರು ಹಬ್ಬಕ್ಕೆ ಮೊದಲೇ ಬ್ಯಾಂಕಾಕ್ ಮುಟ್ಟಿದ್ದರಿಂದ ಪಾರಾದರು. ರಜಾದಿನಗಳಲ್ಲೂ ರಾಯಭಾರ ಕಚೇರಿಗೆ ತುರ್ತು ಫೋನ್ ಇರುತ್ತದೆ. ಊರು ಬಿಡುವ ಮುಂಚೆಯೇ ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅನೇಕ ದೇಶಗಳಲ್ಲಿ ಅರ್ಜಿ ತೆಗೆದುಕೊಳ್ಳುವ ಕೆಲಸವನ್ನು ಖಾಸಗಿ ಕೇಂದ್ರಗಳಿಗೆ ವಹಿಸಿದ್ದಾರೆ. ಹಾಗಾಗಿ ಹೊರಡುವ ಮೊದಲು ಎಲ್ಲಿಗೆ ಬರಬೇಕು ಎಂದು ಫೋನ್ ಮಾಡಿ ಕೇಳುವುದು ಲೇಸು.

ಅಲ್ಲಿ ಎರಡು ದಾರಿಗಳಿವೆ. ಹೊಸ ಪಾಸ್‌ಪೋರ್ಟ್ ಕೇಳಬಹುದು, ಇಲ್ಲವೇ ಎಮರ್ಜೆನ್ಸಿ ಸರ್ಟಿಫಿಕೇಟ್. ಗಲ್ಫಿನ ನಮ್ಮವರು ಎರಡನೆಯದನ್ನು ಔಟ್‌ಪಾಸ್ ಅನ್ನುತ್ತಾರೆ. ಔಟ್‌ಪಾಸಿನಲ್ಲಿ ಭಾರತಕ್ಕೆ ಒಮ್ಮೆ ಮಾತ್ರ ಬರಬಹುದು. ಬಂದಿಳಿದ ಮೇಲೆ ಅದರ ಕೆಲಸ ಮುಗಿಯಿತು. ಬೇಗ ಸಿಗುತ್ತದೆ. ಹೊಸ ಪಾಸ್‌ಪೋರ್ಟಿಗೆ ಊರಿನ ಕಡತದ ಪರಿಶೀಲನೆ, ಕೆಲವೊಮ್ಮೆ ಪೊಲೀಸ್ ತನಿಖೆ ಆಗಬೇಕಾದ್ದರಿಂದ ಸಮಯ ಹಿಡಿಯುತ್ತದೆ. ಆ ದೇಶದಲ್ಲೇ ಕೆಲಸ ಮಾಡುವವರು, ಓದುತ್ತಿರುವವರು ಕಾದು ಹೊಸ ಪಾಸ್‌ಪೋರ್ಟನ್ನೇ ಪಡೆಯಬೇಕು. ಔಟ್‌ಪಾಸ್ ಹಿಡಿದು ಊರಿಗೆ ಬಂದರೆ ಮತ್ತೆ ಅಲ್ಲಿಗೆ ಹೋಗಲು ಹೊಸ ಪಾಸ್‌ಪೋರ್ಟ್, ಬಹಳ ಕಡೆ ಹೊಸ ವೀಸಾ ಎಂದು ಎಲ್ಲ ಮೊದಲಿಂದ ಆಗಬೇಕು. ಪ್ರವಾಸಿಗೆ ಔಟ್‌ಪಾಸ್ ಸಾಕು. ಆದರೆ ಬ್ಯಾಂಕಾಕಿನಿಂದ ವಿಯೆಟ್ನಾಮಿಗೆ ಹೋಗುವ ಯೋಜನೆ ಇದ್ದರೆ ಅದನ್ನು ಕೈಬಿಡಬೇಕು. ಟಿಕೆಟೂ ಆದಷ್ಟು ನೇರ ವಿಮಾನದ್ದೇ ಇರಲಿ. ನಡುವೆ ಇನ್ನೊಂದು ದೇಶದಲ್ಲಿ ಇಳಿದು ಹತ್ತುವುದಿದ್ದರೆ ಅಲ್ಲಿನವರು ಔಟ್‌ಪಾಸನ್ನು ಒಪ್ಪುತ್ತಾರೆಯೇ ಎಂಬುದು ಬೇರೆಯದೇ ತಲೆನೋವು.

ಪುತ್ತೂರಿನವರು ಅರ್ಜಿ ತುಂಬಿದರು. ಹೇಗೆ, ಎಲ್ಲಿ ಕಳೆಯಿತೆಂದು ಬರೆದು ಸಹಿ ಹಾಕಿದ ಹೇಳಿಕೆ, ಪೊಲೀಸ್ ದೂರಿನ ಪ್ರತಿ, ಪಾಸ್‌ಪೋರ್ಟ್ ಪುಟಗಳ ಪ್ರತಿ, ಆಧಾರ್ ಪ್ರತಿ, ಫೋಟೊ, ಶುಲ್ಕ ಎಲ್ಲ ಕೊಟ್ಟರು. ಕೌಂಟರಿನಲ್ಲಿದ್ದವರು ತಂದೆಯ ಹೆಸರು ಕೇಳಿದರು, ಹುಟ್ಟಿದ ಊರು ಕೇಳಿದರು, ಪಾಸ್‌ಪೋರ್ಟ್ ಎಲ್ಲಿ ಮಾಡಿಸಿದ್ದು ಎಂದು ಕೇಳಿದರು. ಮೂರು ದಿನದಿಂದ ಸರಿಯಾಗಿ ಮಾತೇ ಆಡದಿದ್ದ ಅವರು ಅಲ್ಲಿ ತಮ್ಮ ಊರಿನ ಹೆಸರು ಹೇಳುವಾಗ ಗಂಟಲು ಕಟ್ಟಿ ಎರಡು ಸಲ ಹೇಳಬೇಕಾಯಿತಂತೆ. ಇದನ್ನು ಆಕೆ ಹೇಳಿದರು. ಇಂಥ ಹೊತ್ತಿನಲ್ಲಿ ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿ ನಿಲ್ಲುವವರನ್ನು ನೆನೆದರೆ ಸಂಕಟವಾಗುತ್ತದೆ. ರಾಯಭಾರ ಕಚೇರಿ ನಮಗೆ ಉಪಕಾರ ಮಾಡುತ್ತಿಲ್ಲ. ತನ್ನ ಪ್ರಜೆಗಳಿಗೆ ಪಾಸ್‌ಪೋರ್ಟ್, ಪ್ರಯಾಣಪತ್ರ ಕೊಡುವುದು ದೂತಾವಾಸದ ಕರ್ತವ್ಯಗಳಲ್ಲಿ ಒಂದೆಂದು 1963ರ ವಿಯೆನ್ನಾ ಒಪ್ಪಂದದ 5ನೇ ವಿಧಿಯಲ್ಲೇ ಬರೆದಿದೆ. ಭಾರತವೂ ಅದಕ್ಕೆ ಸೇರಿದ ದೇಶ. ಆ ಕಿಟಕಿಯ ಮುಂದೆ ನೆಟ್ಟಗೆ ನಿಂತು ಕೇಳುವ ಅಧಿಕಾರ ನಮಗಿದೆ.

ಔಟ್‌ಪಾಸ್ ಕೈಗೆ ಬಂದ ಮೇಲೆ ಎರಡನೆಯ ಕೆಲಸ. ಹೊಸ ಕಾಗದದಲ್ಲಿ ಥಾಯ್ಲೆಂಡಿಗೆ ಬಂದ ಮುದ್ರೆ ಇರುವುದಿಲ್ಲ. ಇಮಿಗ್ರೇಷನ್ ಕಚೇರಿಗೆ ಪೊಲೀಸ್ ದೂರು, ಔಟ್‌ಪಾಸ್ ಎರಡನ್ನೂ ಒಯ್ದರೆ ಅವರು ತಮ್ಮ ಕಂಪ್ಯೂಟರಿನಲ್ಲಿ ಬಂದ ದಿನ ಹುಡುಕಿ ಹೊಸ ಕಾಗದಕ್ಕೆ ಮುದ್ರೆ ಹಾಕಿಕೊಡುತ್ತಾರೆ. ಬ್ಯಾಂಕಾಕಿನಲ್ಲಿ ಆ ಕಚೇರಿ ಊರ ಉತ್ತರಕ್ಕೆ ಚೆಂಗ್ ವತ್ತಾನದಲ್ಲಿದೆ, ಹೋಗಿ ಬರಲು ಅರ್ಧ ದಿನ ಬೇಕು. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವವರು ಮೊದಲೇ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕಾಗಿದೆ. ಇ-ಮೇಲಿಗೆ ಬರುವ ಅದರ ಪ್ರತಿಯನ್ನು ಅಳಿಸಬೇಡಿ, ಇಲ್ಲಿ ನೆರವಾಗುತ್ತದೆ. ಈ ಓಡಾಟದಲ್ಲಿ ಇರಲು ಕೊಟ್ಟ ಅವಧಿ ಮುಗಿಯುತ್ತಿದ್ದರೆ ಮೊದಲೇ ವಿಸ್ತರಣೆ ಕೇಳಬೇಕು. ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, ಅದು 20,000 ಬಾತ್‌ವರೆಗೆ ಏರುತ್ತದೆ. ಚೀನಾದಲ್ಲಿ ಇದೇ ಕೆಲಸ ಇನ್ನೂ ಬಿಗಿ. ಪೊಲೀಸರಿಂದ ಕಳೆದ ಬಗ್ಗೆ ಪತ್ರ, ರಾಯಭಾರ ಕಚೇರಿಯಿಂದ ಪ್ರಯಾಣಪತ್ರ, ಮತ್ತೆ ಪೊಲೀಸ್ ಇಲಾಖೆಯಿಂದ ಹೊರಹೋಗುವ ವೀಸಾ, ಇದೇ ಕ್ರಮದಲ್ಲಿ ಆಗಬೇಕು. ಪುತ್ತೂರಿನವರು ಇದನ್ನೆಲ್ಲ ಮುಗಿಸಿ ಬೆಂಗಳೂರಿನ ವಿಮಾನ ಹತ್ತಿದರು.

ಪ್ರವಾಸ ಹೋದವರ ಕಷ್ಟ ಒಂದು ವಾರದ್ದು. ನನ್ನನ್ನು ಹೆಚ್ಚು ಕಾಡುವುದು ಗಲ್ಫಿನಲ್ಲಿ ದುಡಿಯುವ ನಮ್ಮ ಹುಡುಗರದ್ದು. ಅವರ ಪಾಸ್‌ಪೋರ್ಟ್ ಕಳೆದಿರುವುದಿಲ್ಲ, ಎಲ್ಲಿದೆ ಎಂದು ಅವರಿಗೆ ಗೊತ್ತು. ಕಂಪೆನಿಯ ಕಪಾಟಿನಲ್ಲೋ ಕಫೀಲನ, ಅಂದರೆ ಪ್ರಾಯೋಜಕನ, ಮನೆಯಲ್ಲೋ ಇರುತ್ತದೆ. ಕೆಲಸಗಾರನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೂ ವಿರುದ್ಧವೇ. ಕತಾರಿನ 2015ರ 21ನೇ ಕಾನೂನು ಅದಕ್ಕೆ 25,000 ರಿಯಾಲ್‌ವರೆಗೆ ದಂಡ ಇಟ್ಟಿದೆ. ಆದರೂ ವಿಮಾನ ಇಳಿದ ದಿನವೇ ತೆಗೆದಿಟ್ಟುಕೊಳ್ಳುವ ರೂಢಿ ನಿಂತಿಲ್ಲ. ಸಂಬಳ ಕೊಡಲಿಲ್ಲ ಎಂದು ಹೊರಗೆ ಬಂದರೆ ಸೌದಿಯಲ್ಲಿ ಮಾಲೀಕ ಹುರೂಬ್ ಹಾಕಿಸುತ್ತಾನೆ, ಅಂದರೆ ಓಡಿಹೋಗಿದ್ದಾನೆಂದು ದಾಖಲಿಸುತ್ತಾನೆ. ಆಮೇಲೆ ಆ ಹುಡುಗನ ಕೈಯಲ್ಲಿ ಪಾಸ್‌ಪೋರ್ಟೂ ಇಲ್ಲ, ಇಕಾಮಾ ಎಂಬ ವಾಸದ ಪರವಾನಗಿಗೆ ಬೆಲೆಯೂ ಇಲ್ಲ.

ಅಂಥವನಿಗೂ ರಾಯಭಾರ ಕಚೇರಿ ಔಟ್‌ಪಾಸ್ ಕೊಡುತ್ತದೆ. ಆದರೆ ಅಷ್ಟರಿಂದ ವಿಮಾನ ಹತ್ತಲಾಗುವುದಿಲ್ಲ, ಜವಾಜಾತ್ ಎಂಬ ಅಲ್ಲಿನ ಪಾಸ್‌ಪೋರ್ಟ್ ಇಲಾಖೆಯಿಂದ ಎಕ್ಸಿಟ್, ಅಂದರೆ ದೇಶ ಬಿಡುವ ಅನುಮತಿ, ಆಗಬೇಕು. ಮೊದಲೇ ಹೇಳಿದ ಎರಡನೆಯ ಗಂಟು, ಇಮಿಗ್ರೇಷನ್ನಿನದು, ಇಲ್ಲಿ ಉಸಿರು ಕಟ್ಟಿಸುತ್ತದೆ. ಬೆರಳಚ್ಚು ಅವರ ಕಂಪ್ಯೂಟರಿನಲ್ಲಿರುತ್ತದೆ. ಸಾಲದ್ದೋ ಕಳವಿನದ್ದೋ ಕೇಸು ಇದ್ದರೆ ಅದು ತೀರುವವರೆಗೆ ಹೊರಡಲಾಗದು. 2013ರಲ್ಲಿ ಸೌದಿ ಅರೇಬಿಯಾ, 2018ರಲ್ಲಿ ಕುವೈತ್ ಮತ್ತು ಯುಎಇ ಕ್ಷಮಾದಾನದ ಅವಧಿ ಘೋಷಿಸಿದಾಗ ಪಾಸ್‌ಪೋರ್ಟ್ ಇಲ್ಲದ ಅದೆಷ್ಟೋ ಭಾರತೀಯರು ಔಟ್‌ಪಾಸ್ ಹಿಡಿದು ಊರಿಗೆ ಬಂದರು. ವರ್ಷಗಟ್ಟಲೆ ಮಗನ ಮುಖ ಕಾಣದ ತಾಯಂದಿರು ನಮ್ಮ ಕರಾವಳಿಯಲ್ಲೂ ಇದ್ದರು.

ಊರಿನಲ್ಲಿರುವ ಮನೆಯವರು ಸುಮ್ಮನೆ ಕೂರಬೇಕಾಗಿಲ್ಲ. ವಿದೇಶಾಂಗ ಸಚಿವಾಲಯ 2015ರಲ್ಲಿ ಮದದ್ ಎಂಬ ಪೋರ್ಟಲ್ ಆರಂಭಿಸಿತು. ಇಲ್ಲಿಂದಲೇ ಅದರಲ್ಲಿ ದೂರು ದಾಖಲಿಸಬಹುದು, ಅದು ಆ ದೇಶದ ನಮ್ಮ ಕಚೇರಿಗೆ ಹೋಗುತ್ತದೆ. ಕೈಯಲ್ಲಿ ಕಾಸಿಲ್ಲದೆ ಸಿಕ್ಕಿಬಿದ್ದವರ ಊಟ, ವಸತಿ, ಟಿಕೆಟ್ ಖರ್ಚಿಗೆಂದೇ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಸ್ಥಾಪನೆಯಾಗಿದೆ. ರಾಯಭಾರ ಕಚೇರಿಗೆ ಬರೆಯುವಾಗ ಆ ನಿಧಿಯ ಹೆಸರು ಹೇಳಿಯೇ ಕೇಳಿ. ನಿಮ್ಮ ಮನೆಯಿಂದ ಯಾರಾದರೂ ಗಲ್ಫಿಗೆ ಹೊರಟಿದ್ದರೆ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು, ಈ ಮೂರರ ಪ್ರತಿ ಅವರು ಹೊರಡುವ ದಿನ ಮನೆಯ ಕಪಾಟಿಗೆ ಸೇರಲಿ. ಅಲ್ಲಿಂದ ಮಗ ಫೋನ್ ಮಾಡಿ, ಅಮ್ಮ, ನನ್ನ ಪಾಸ್‌ಪೋರ್ಟ್ ನಂಬರ್ ಎಷ್ಟು ಎಂದು ಕೇಳಿದರೆ ಓದಿ ಹೇಳುವಂತಿರಬೇಕು.

ಊರು ಮುಟ್ಟಿದ ಮೇಲಿನ ಕೆಲಸ ಸುಲಭ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಬೇಕು. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ ಶುಲ್ಕವಾದರೆ ಕಳೆದದ್ದಕ್ಕೆ ಬದಲು ಪಡೆಯುವಾಗ 3,000 ರೂಪಾಯಿ. ವಿದೇಶದ ಪೊಲೀಸ್ ದೂರನ್ನೂ ಔಟ್‌ಪಾಸಿನ ಪ್ರತಿಯನ್ನೂ ಜೊತೆಗಿಡಬೇಕು. ವಿಮಾನ ನಿಲ್ದಾಣದಲ್ಲಿ ಮೂಲ ಔಟ್‌ಪಾಸ್ ತೆಗೆದಿಟ್ಟುಕೊಳ್ಳುತ್ತಾರಾದ್ದರಿಂದ ಹೊರಡುವ ಮೊದಲೇ ಅದರ ಪ್ರತಿ ಮಾಡಿಸಿಟ್ಟುಕೊಳ್ಳಿ. ಹೊಸದಕ್ಕೆ ಹೊಸ ಸಂಖ್ಯೆ ಬರುತ್ತದೆ. ಹಳೆಯದರಲ್ಲಿ ಇನ್ನೂ ಅವಧಿ ಇದ್ದ ಅಮೆರಿಕದ ವೀಸಾ ಇದ್ದರೆ ಅದನ್ನೂ ಮತ್ತೆ ಪಡೆಯಬೇಕು.

ಪುತ್ತೂರಿನವರಿಗೆ ಆಮೇಲೆ ಹೊಟೇಲಿನಿಂದ ಸುದ್ದಿ ಬಂತು, ಬ್ಯಾಗ್ ಸಿಕ್ಕಿದೆ ಎಂದು. ಪಾಸ್‌ಪೋರ್ಟ್ ಒಳಗೇ ಇತ್ತಂತೆ. ತರಿಸಿಕೊಳ್ಳಲಾ, ಹೊಸದಕ್ಕೆ ಕೊಟ್ಟ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಲಾ ಎಂದು ಅವರು ಕೇಳಿದರು. ಬೇಡ ಎಂದೆ. ಕಳೆದಿದೆ ಎಂದು ಒಮ್ಮೆ ದಾಖಲಾದ ಸಂಖ್ಯೆ ಮತ್ತೆ ಚಲಾವಣೆಗೆ ಬರುವುದಿಲ್ಲ. ಅದನ್ನು ಹಿಡಿದು ಯಾವುದೇ ವಿಮಾನ ನಿಲ್ದಾಣಕ್ಕೆ ಹೋದರೂ ತಡೆದು ಕೂರಿಸುತ್ತಾರೆ. ಹೊಟೇಲಿನವರಿಗೆ ಅದನ್ನು ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿಗೆ ತಲುಪಿಸಲು ಹೇಳಿ, ಬೇರೆ ಸಾಮಾನುಗಳನ್ನು ಮಾತ್ರ ತರಿಸಿಕೊಂಡರು.